ಕೆಂಪು ಕೊಕ್ಕೆಯ ಬಂಪರ್

ತನ್ನ ಜೀಪಿನ ಹಿಂಭಾಗವನ್ನು ಹಲ್ಲು ಡಾಕ್ಟರೊಬ್ಬರು ಅಂಗಾತ ಮಲಗಿ, ಟಾರ್ಚು ಬಿಟ್ಟು ಪರೀಕ್ಷೆ ಮಾಡುವ ಕಾಲ ಬರುತ್ತದೆ ಎಂದು ಟೇಪಣ್ಣ ಕನಸಿನಲ್ಲೂ ಎಣಿಸಿರಲಿಲ್ಲ. ಮಾಡಲಿ, ಬೇಡವೆಂದವರು ಯಾರು? ಆದರೆ ಕೆಳಗಿನಿಂದ ತೆವಳಿಕೊಂಡು ಈಚೆಗೆ ಬಂದು, ಮೊಣಕೈ ಮಣ್ಣು ಕೊಡವಿ, ಇಪ್ಪತ್ತು ಜನರ ಎದುರಿಗೆ ಆ ಮನುಷ್ಯ ಆಡಿದ ಮಾತು ಇದು:

"ಇದಕ್ಕೆ ಬೇರು ಇಲ್ಲ. ಕೀಳಿಸಿಬಿಡಿ."

ಕೀಳಿಸುವುದಂತೆ! ಮೂರು ವಾರ ಕಾದು, ದಿನಕ್ಕೆರಡು ಸಲ ಹೋಗಿ ತಲೆಯ ಮೇಲೆ ಕೂತು ಮಾಡಿಸಿದ ಬಂಪರನ್ನು! ಮೊಣಕೈ ದಪ್ಪದ ಕೊಕ್ಕೆ, ಅದಕ್ಕೆ ಮೂರು ಸುತ್ತು ಕೆಂಪು ಬಣ್ಣ. ಆ ಬಂಪರ್ ಕೂರಿಸಿಕೊಂಡು ಜೀಪು ಮೊದಲ ಸಲ ಪೇಟೆಬೀದಿಯಲ್ಲಿ ಬಂದ ದಿನ ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಈಚೆ ಬಂದು ನಿಂತಿದ್ದ. ಟ್ರಾಫಿಕ್ ಪೊಲೀಸಿನವನು ಒಂದು ಸುತ್ತು ಹಾಕಿ, "ಇದು ಯಾವ ಇಲಾಖೆ ಗಾಡಿ ಸಾರ್?" ಎಂದು ಕೇಳಿದ್ದ. ಸಾರ್ ಅಂದಿದ್ದ! ಅಂಥ ಬಂಪರಿಗೆ ಬೇರಿಲ್ಲವಂತೆ.

ಟೇಪಣ್ಣ ದರ್ಜಿ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವನನ್ನು ಕಂಡವರು ಯಾರೂ ಇಲ್ಲದ್ದರಿಂದ ಆ ಹೆಸರು ಎಲ್ಲೋ ಕಳೆದುಹೋಯಿತು. ಅವನ ಮದುವೆಯ ಫೋಟೋದಲ್ಲಿಯೂ ಕೋಟಿನ ಕಾಲರಿನ ಕೆಳಗಿನಿಂದ ಟೇಪಿನ ತುದಿ ಇಣುಕುತ್ತದೆ. ನಲವತ್ತು ವರ್ಷ ಅವನು ಕೋಟು ಹೊಲಿದಿದ್ದಾನೆ, ನಲವತ್ತು ವರ್ಷವೂ ಗಿರಾಕಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಒಂದೇ ಪ್ರಶ್ನೆ ಕೇಳಿದ್ದಾನೆ: "ಜೇಬು ತೋರಿಸೋಕಾ, ತುಂಬೋಕಾ?" ತುಂಬುವ ಜೇಬಿಗೆ ಒಳಗೆ ಚೀಲ ಇಟ್ಟು ಹೊಲಿಯಬೇಕು. ತೋರಿಸುವ ಜೇಬಿಗೆ ಹೊರಗೆ ಒಂದು ಪಟ್ಟಿ ಸಾಕು, ಹಿಂದೆ ಏನೂ ಇರುವುದಿಲ್ಲ, ಕೋಟು ಮೈಮೇಲೆ ಇಳಿಬೀಳುವ ಅಂದವೂ ಕೆಡುವುದಿಲ್ಲ. ಕನ್ನಡಿಯ ಮುಂದೆ ನಿಂತವರು ಸಾಮಾನ್ಯವಾಗಿ "ತೋರಿಸೋಕೆ" ಎನ್ನುತ್ತಾರೆ.

ಜೀಪು ಅವನ ಕೈಗೆ ಬಂದದ್ದು ಕರೆಂಟು ಆಫೀಸಿನ ಹರಾಜಿನಲ್ಲಿ. ನಾಲ್ಕೂ ಚಕ್ರ ತಿರುಗುವ ಗಾಡಿ, ಎಂಥ ಗುಡ್ಡವನ್ನೂ ಹತ್ತುತ್ತದೆ ಎಂದು ಅಲ್ಲಿಯ ಗುಮಾಸ್ತ ಹೇಳಿದ್ದ. ಹತ್ತಲಿಕ್ಕೆ ಟೇಪಣ್ಣನಿಗೆ ಗುಡ್ಡ ಇರಲಿಲ್ಲ. ಆದ್ದರಿಂದ ಜೀಪು ಅಂಗಡಿಯ ಕಿಟಕಿಯ ಮುಂದೆ ನಿಂತಿತು. ಆ ಕಿಟಕಿಯ ಬೆಳಕಿನಲ್ಲಿ ಅವನ ಹೆಂಡತಿ ಕೂತು ಕೋಟುಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದಳು. ಬೆಳಕು ಹೋಯಿತು. ಆರು ತಿಂಗಳು ಸಹಿಸಿದಳು. ಏಳನೆಯ ತಿಂಗಳು ಬೆರಳಿಗೆ ಸೂಜಿ ಚುಚ್ಚಿಕೊಂಡ ದಿನ ತೀರ್ಪು ಕೊಟ್ಟಳು.

"ಮಳೆಗಾಲ ಮುಗಿಯೋದ್ರೊಳಗೆ ಇದು ಒಬ್ಬ ಮನುಷ್ಯನಿಗಾದ್ರೂ ಒಂದು ಉಪಕಾರ ಮಾಡ್ಬೇಕು. ಒಂದೇ ಒಂದು. ಇಲ್ಲದಿದ್ರೆ ನನ್ನ ತಂಗಿ ಗಂಡನ ತಕ್ಕಡಿ ಹತ್ತಿಸ್ತೀನಿ."

ತಂಗಿಯ ಗಂಡ, ಅಂದರೆ ಟೇಪಣ್ಣನ ಷಡ್ಡಕ, ಗುಜರಿ ವ್ಯಾಪಾರಿ. ಅವನಿಗೊಂದು ವಿದ್ಯೆ ಇತ್ತು: ಯಾವುದನ್ನು ನೋಡಿದರೂ ಅದರ ತೂಕ ಹೇಳುವುದು. ಮಂಚ, ಬೀರು, ಗೇಟು, ಒಟ್ಟಿನಲ್ಲಿ ಕಣ್ಣಿಗೆ ಬಿದ್ದದ್ದರ ತೂಕ ಬಾಯಿಂದ ತಾನಾಗಿ ಉದುರುತ್ತಿತ್ತು, ಅರ್ಧ ಕೆಜಿಗಿಂತ ಹೆಚ್ಚು ತಪ್ಪುತ್ತಿರಲಿಲ್ಲ. ಮನೆಗೆ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಜೀಪಿನ ಕಡೆ ತಿರುಗಿ, "ಸಾವಿರದ ಮುನ್ನೂರ ಇಪ್ಪತ್ತು ಕೆಜಿ ಅಣ್ಣಾ, ಡೀಸೆಲ್ ಬಿಟ್ಟು," ಎನ್ನುವನು. ಆಸ್ಪತ್ರೆಗೆ ಬಂದ ನೆಂಟ ರೋಗಿಯ ಮುಂದೆಯೇ ಶವದ ಗಾಡಿ ವಿಚಾರಿಸಿದ ಹಾಗೆ! ಟೇಪಣ್ಣನ ಮೈಯೆಲ್ಲ ಉರಿಯುತ್ತಿತ್ತು. ಮೇಲಾಗಿ ಷಡ್ಡಕ ಹೊಸದಾಗಿ ಒಂದು ದೊಡ್ಡ ಬಿಳಿ ಕಾರು ಕೊಂಡಿದ್ದ. ಇಬ್ಬರಿಗೂ ಅತ್ತೆಯಾದ ಮುದುಕಿ ಅದರ ಹಿಂದಿನ ಸೀಟಿನಲ್ಲಿ ಒಮ್ಮೆ ಕೂತವಳು, "ಸೋಫಾ ಕಣ್ರೀ ಸೋಫಾ!" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಜೀಪು ಉಳಿಯಬೇಕಾದರೆ ಉಪಕಾರ ಆಗಬೇಕು, ಉಪಕಾರ ಆಗಬೇಕಾದರೆ ಯಾರಾದರೂ ಕಷ್ಟಕ್ಕೆ ಸಿಕ್ಕಬೇಕು. ಟೇಪಣ್ಣ ಯೋಚಿಸಿ ಕೆಸರು ಸಂಘ ಸೇರಿದ. ಭಾನುವಾರ ಬೆಳಿಗ್ಗೆ ಒಳ್ಳೊಳ್ಳೆಯ ಗಾಡಿ ತೆಗೆದುಕೊಂಡು ಕಲ್ಲು ತೆಗೆದು ಬಿಟ್ಟ ಹಳೆಯ ಕಲ್ಲುಕೋರೆಯ ಕೆಸರಿಗೆ ಇಳಿಯುವುದು, ಹೂತುಕೊಳ್ಳುವುದು, ಒಬ್ಬರನ್ನೊಬ್ಬರು ಹಗ್ಗ ಕಟ್ಟಿ ಎಳೆದುಹಾಕುವುದು, ಪರಮ ಸಂತೋಷದಿಂದ ಮನೆಗೆ ಹೋಗಿ ಸ್ನಾನ ಮಾಡುವುದು: ಸಂಘದ ಉದ್ದೇಶ ಇಷ್ಟೆ. ಅದಕ್ಕೆ ಹಲ್ಲು ಡಾಕ್ಟರು ಅಧ್ಯಕ್ಷರು. ಎಲ್ಲರಿಗಿಂತ ಕೊನೆಗೆ ಹೋಗಿ ಹೂತವರನ್ನು ಹಿಂದಕ್ಕೆ ಎಳೆಯುವ ಗಾಡಿಗೆ ಬಾಲದ ಗಾಡಿ ಎಂದು ಹೆಸರು. ಆ ಜಾಗ ಖಾಲಿ ಇತ್ತು. ಭಾನುವಾರಕ್ಕೆ ಮೂರು ನಾಲ್ಕು ಉಪಕಾರ ಖಂಡಿತ ಇರುವ ಜಾಗ! ಬಾಲದ ಗಾಡಿಗೆ ಹಿಂಭಾಗ ಗಟ್ಟಿ ಇರಬೇಕು ಎಂದು ಯಾರೋ ಹೇಳಿದರು. ಅದಕ್ಕೇ ಬಂಪರು.

ಬಂಪರಿಗೆ ಅವನು ಹೋದದ್ದು ವೆಲ್ಡಿಂಗಿನ ಕಿಡಿ ಮೇಸ್ತ್ರಿಯ ಹತ್ತಿರ. ಸುಮ್ಮನೆ ಹೋಗಲಿಲ್ಲ, ಕೋಟಿಗೆ ಮಾಡುವಂತೆ ಕಂದು ಕಾಗದದಲ್ಲಿ ಬಂಪರಿನ ನಮೂನೆ ಕತ್ತರಿಸಿಕೊಂಡು ಹೋದ. ಅಂಚಿನಲ್ಲಿ ಸೀಮೆಸುಣ್ಣದ ಗೆರೆ.

"ಇದೇನು, ಸುತ್ತಲೂ ಒಂದಿಂಚು ಜಾಸ್ತಿ?" ಎಂದ ಮೇಸ್ತ್ರಿ.

"ಮಡಿಕೆಗೆ ಬಿಟ್ಟಿದ್ದೀನಿ."

"ಕಬ್ಬಿಣಕ್ಕೆ ಮಡಿಕೆ ಹೊಲಿಯಲ್ಲ ಸ್ವಾಮಿ."

"ಮುಂದೆ ಯಾವಾಗಾದ್ರೂ ಬಿಚ್ಚಿ ಅಗಲ ಮಾಡ್ಬೇಕಾದ್ರೆ?"

ಮೇಸ್ತ್ರಿ ಕನ್ನಡಕ ಹಣೆಗೇರಿಸಿ ಕೇಳಿದ. "ಇದು ಕಾಣೋಕಾ, ಎಳೆಯೋಕಾ? ಎಳೆಯೋಕಾದ್ರೆ ಕೆಳಗಿನ ಚಾಸಿಗೇ, ಅಂದ್ರೆ ಗಾಡಿ ಬೆನ್ನುಮೂಳೆಗೇ ಹೋಗಿ ಸೇರಿಸ್ಬೇಕು, ಡೀಸೆಲ್ ಟ್ಯಾಂಕ್ ಇಳಿಸ್ಬೇಕು, ಗಾಡಿ ಇಲ್ಲೇ ನಾಲ್ಕು ದಿನ ಬಿಡ್ಬೇಕು."

ಟೇಪಣ್ಣ ಆ ಹೊತ್ತಿಗೆ ಒಂದು ಕಣ್ಣು ಮುಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು, ಇಲ್ಲದ ಬಂಪರನ್ನು ಜೀಪಿನ ಮೇಲೆ ಇಟ್ಟು ನೋಡುತ್ತಿದ್ದ. "ಮೊದ್ಲು ಕಾಣ್ಲಿ ಮೇಸ್ತ್ರಿ! ಇಷ್ಟು ದಪ್ಪ ಇದ್ದ ಮೇಲೆ ಎಳೆಯೋದೇನು, ತಾನಾಗೇ ಎಳೆಯುತ್ತೆ," ಎಂದ.

ಆ ಬಂಪರಿನ ಮುಂದೆ ಈಗ ಹಲ್ಲು ಡಾಕ್ಟರು ನಿಂತಿದ್ದಾರೆ. ಕೋರೆಯ ಬಾಯಿ, ಬೆಳಗಿನ ಎಂಟು ಗಂಟೆ. ಸಂಘದ ಹತ್ತು ಗಾಡಿಗಳು ಎಂಜಿನ್ ಗುರುಗುಟ್ಟಿಸುತ್ತ ಸಾಲಾಗಿ ನಿಂತಿವೆ. ಟೇಪಣ್ಣನ ಮೊದಲ ಬಾಲದ ಸವಾರಿ ನೋಡಲು ಹೆಂಡತಿ ಕೊಡೆ ಹಿಡಿದು ಬಂದಿದ್ದಾಳೆ. ಷಡ್ಡಕ ಬಿಳಿ ಕಾರಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಬಂದಿದ್ದಾನೆ.

"ಕೊಕ್ಕೆ ದಪ್ಪ ಇದೆ, ಒಪ್ಪಿದೆ," ಎಂದರು ಡಾಕ್ಟರು. "ಕೊಕ್ಕೆ ಯಾವುದಕ್ಕೆ ಅಂಟಿದೆ?"

"ಬಂಪರಿಗೆ."

"ಬಂಪರ್ ಯಾವುದಕ್ಕೆ ಅಂಟಿದೆ?"

"ಜೀಪಿಗೆ! ಮತ್ತೇನು ನಿಮ್ಮ ಕುರ್ಚಿಗಾ?"

"ಜೀಪಿಗಲ್ಲ, ಜೀಪಿನ ಹಿಂದಿನ ತಗಡಿಗೆ. ಎರಡು ಬೋಲ್ಟು, ಹಿಂದೆ ಏನೂ ಇಲ್ಲ. ಆ ತಗಡನ್ನ ಹಿಡ್ಕೊಂಡಿರೋದು ಬಣ್ಣ."

"ಹಾಗಾದ್ರೆ ಕೆಳಗೆ ಎರಡು ಬಳೆ ಇದೆಯಲ್ಲ, ಕಂಪನಿಯವರೇ ಕೊಟ್ಟಿದ್ದು?"

"ಅದು ಗಾಡೀನ ಲಾರಿ ಮೇಲೆ ಹೇರಿದಾಗ ಅಲ್ಲಾಡದೆ ಇರ್ಲಿ ಅಂತ ಕಟ್ಟೋಕೆ. ಅದರಲ್ಲಿ ಎಳೆದ್ರೆ ಬಳೆ ಬಿಚ್ಕೊಂಡು ಬರುತ್ತೆ."

ಷಡ್ಡಕ ಕಾರಿನಿಂದ ತಲೆ ಹೊರಗೆ ಹಾಕಿದ. "ಒಂದು ಗುಂಡು ಹಾಕ್ಸಿಬಿಡಿ ಅಣ್ಣಾ. ಟ್ರೇಲರ್ ಎಳೆಯೋಕೆ ಹಾಕ್ತಾರಲ್ಲ, ಅಂಥದ್ದು. ನನ್ನ ಹತ್ರ ಒಂದು ಬಿದ್ದಿದೆ. ಎರಡೂಕಾಲು ಕೆಜಿ."

"ಅದಂತೂ ಬೇಡವೇ ಬೇಡ," ಎಂದರು ಡಾಕ್ಟರು. "ಟ್ರೇಲರ್ ಭಾರ ಬೇರೆ, ಹೂತ ಗಾಡಿ ಭಾರ ಬೇರೆ. ಈ ಹಗ್ಗ ರಬ್ಬರಿನ ಹಾಗೆ ಹಿಗ್ಗುತ್ತೆ. ತುದೀಲಿ ಇರೋದು ಕಿತ್ತುಕೊಂಡ್ರೆ ಕವಣೆ ಕಲ್ಲು. ಎದುರಿಗೆ ಇದ್ದವರ ಕಥೆ ಮುಗೀತು. ಟೇಪಣ್ಣ, ಇವತ್ತು ನೀವು ಒಳಗೆ ಬರೋ ಹಾಗಿಲ್ಲ."

ಟೇಪಣ್ಣನ ಕೊರಳಿನ ಟೇಪು ಸೆಟೆದು ನಿಂತಿತು. "ರೀ ಡಾಕ್ಟ್ರೇ, ನಾನೇನಾದ್ರೂ ನಿಮ್ಮ ಶಾಪಿಗೆ ಬಂದು ಪೇಷಂಟ್ ಬಾಯಲ್ಲಿ ಕೈ ಹಾಕಿದ್ದೀನಾ? ಹಲ್ಲು ನೋಡೋರು ಹಲ್ಲು ನೋಡ್ಬೇಕು. ಎದುರಿಗಿಂದ ನೋಡಿ ಹೇಳಿ ಬೇಕಾದ್ರೆ! ಊರೆಲ್ಲ ಎದುರಿಗಿಂದ ನೋಡಿದೆ, ಒಬ್ಬರೂ ಹೀಗೆ ಮಾತಾಡಿಲ್ಲ. ಕೆಳಗೆ ಮಲಗಿ ನೋಡೋದು ಯಾವ ಮರ್ಯಾದೆ?"

ಡಾಕ್ಟರು ಟಾರ್ಚು ಆರಿಸಿ ತಮ್ಮ ಗಾಡಿ ಹತ್ತಿದರು. ಬಾಯಿ ತೆರೆದು ಕೂತವರು ಎಷ್ಟು ಕೂಗಾಡಿದರೂ ಸುಮ್ಮನಿದ್ದು ಅಭ್ಯಾಸ ಅವರಿಗೆ. ಹತ್ತು ಗಾಡಿಗಳೂ ಕೋರೆಯ ಒಳಗೆ ತಿರುವಿನಲ್ಲಿ ಮರೆಯಾದವು. ಕೋರೆಯ ಬಾಯಲ್ಲಿ ಟೇಪಣ್ಣ, ಅವನ ಜೀಪು, ಅವನ ಸಂಬಂಧಿಕರು ಮಾತ್ರ ಉಳಿದರು. ಅವಮಾನಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಯಾರೂ ಮಾಡಲಾರರು.

"ಹೋಗ್ಲಿ ಬಿಡಿ ಅಣ್ಣಾ," ಎಂದ ಷಡ್ಡಕ. ಸಮಾಧಾನ ಹೇಳುವಾಗಲೂ ಅವನ ಕಣ್ಣು ಬಂಪರಿನ ಮೇಲೆ. "ಈಗ ಸಾವಿರದ ಮುನ್ನೂರ ಐವತ್ತೇಳು. ಅಲ್ಲ, ಇಷ್ಟು ಕೆಸರಿಗೆ ಜೀಪೇ ಬೇಕು ಅಂತ ಯಾರು ಹೇಳಿದ್ದು? ನನ್ನ ಕಾರು ನೋಡಿ, ಹೀಗೆ ಹೋಗಿ ಹೀಗೆ ಬರುತ್ತೆ. ಅತ್ತೇ, ಗಟ್ಟಿ ಕೂತ್ಕೊಳ್ಳಿ."

ಹೀಗೆ ಹೋಯಿತು. ಹೀಗೆ ಬರಲಿಲ್ಲ. ನಾಲ್ಕು ಮಾರು ದೂರದಲ್ಲಿ ಬಿಳಿ ಕಾರು ನಿಧಾನವಾಗಿ ಹೊಟ್ಟೆಯ ತನಕ ಕೆಸರಿನಲ್ಲಿ ಕೂತಿತು, ಊಟಕ್ಕೆ ಕೂತ ನೆಂಟನ ಹಾಗೆ. ಷಡ್ಡಕ ಒತ್ತಿದಷ್ಟೂ ಇಳಿಯಿತು.

ಟೇಪಣ್ಣನ ಮುಖ ನೋಡಬೇಕಿತ್ತು! ಸಿಟ್ಟು, ಅವಮಾನ ಎಲ್ಲ ಇಳಿದು ಹೋಗಿ ಅಲ್ಲಿ ಸಂತೋಷ ಅರಳುತ್ತಿತ್ತು. ಉಪಕಾರ! ಕಣ್ಣೆದುರಿಗೆ, ಹೆಂಡತಿಯ ಎದುರಿಗೆ, ತಕ್ಕಡಿಯವನಿಗೇ ಉಪಕಾರ! ಜೀಪನ್ನು ತಿರುಗಿಸಿ ಹಿಂಭಾಗ ಕಾರಿನ ಕಡೆಗೆ ಮಾಡಿ ನಿಲ್ಲಿಸಿದ. ಬಿಳಿ ಕಾರಿನ ಹಿಂದೆ ಎಳೆಯಲಿಕ್ಕೆಂದೇ ಕಂಪನಿಯವರು ಕೊಟ್ಟ ಕೊಂಡಿಗೆ ಹಗ್ಗದ ಒಂದು ತುದಿ, ತನ್ನ ಕೆಂಪು ಕೊಕ್ಕೆಗೆ ಇನ್ನೊಂದು ತುದಿ.

"ಡಾಕ್ಟ್ರು ಬೇಡ ಅಂದ್ರಲ್ಲ," ಎಂದಳು ಹೆಂಡತಿ.

"ಡಾಕ್ಟ್ರು ಸಿಹಿನೂ ಬೇಡ ಅಂತಾರೆ," ಎಂದು ಟೇಪಣ್ಣ ಜೀಪು ಹತ್ತಿದ.

ಒಮ್ಮೆ ಎಳೆದ. ಕಾರು ಅಲ್ಲಾಡಲಿಲ್ಲ. ಷಡ್ಡಕ ಸ್ಟೇರಿಂಗ್ ಹಿಡಿದು ಹಿಂದಕ್ಕೆ ತಿರುಗಿ, ಸೋಫಾದಲ್ಲಿ ಕೂತ ಅತ್ತೆಯನ್ನು ಒಂದು ಸಲ ಮೇಲಿನಿಂದ ಕೆಳಕ್ಕೆ ನೋಡಿದ. ಪಾಪ, ಅವನಿಗೆ ಹೇಳಬೇಕೆಂದು ಇರಲಿಲ್ಲ. ಬಾಯಿಗೆ ತಾನಾಗಿ ಬಂತು.

"ಅಣ್ಣಾ, ಹಿಂದೆ ಎಂಬತ್ತೊಂದೂವರೆ ಕೆಜಿ ಕೂತಿದೆ, ಅದಕ್ಕೇ ಏಳ್ತಿಲ್ಲ!"

ಕೋರೆಯ ಕಲ್ಲಿಗೆ ಬಡಿದು ಆ ಮಾತು ಎರಡು ಸಲ ಕೇಳಿಸಿತು. ಎಂಬತ್ತೊಂದೂವರೆ. ಎಂಬತ್ತೊಂದೂವರೆ.

ಅತ್ತೆ ಬಾಗಿಲು ತೆಗೆದಳು. "ಏನಂದೆ? ನನ್ನನ್ನೇನು ಮುರುಕು ಗೇಟು ಅಂದ್ಕೊಂಡ್ಯಾ? ಮಗಳನ್ನ ಕೊಟ್ಟಿದ್ದಕ್ಕೆ ತೂಕ ಹಾಕ್ತೀಯಾ, ಊರವರ ಮುಂದೆ?" ಊರವರು ಅಲ್ಲಿ ಯಾರೂ ಇರಲಿಲ್ಲ, ಆದರೆ ಸಿಟ್ಟು ಬಂದಾಗ ಎಲ್ಲರಿಗೂ ಊರವರು ಕಾಣಿಸುತ್ತಾರೆ. ಹೊಸ ಚಪ್ಪಲಿಯ ಸಮೇತ ಮೊಣಕಾಲುದ್ದ ಕೆಸರಿಗೆ ಇಳಿದು, ಪಕ್ಕಕ್ಕೆ ದಡಬಡ ನಡೆದು, ಹೆಂಡತಿಯ ಕೊಡೆಯ ಕೆಳಗೆ ಬಂದು ನಿಂತಳು.

ಹಗ್ಗ ಸ್ವಲ್ಪ ಸಡಿಲ ಬಿಟ್ಟು ಟೇಪಣ್ಣ ಈ ಸಲ ಓಡಿಸಿಕೊಂಡೇ ಎಳೆದ. ಹಗ್ಗ ಹಿಗ್ಗಿತು, ಹಿಗ್ಗಿತು, ಆಮೇಲೆ ಒಂದು ಶಬ್ದ ಬಂತು. ಹೊಸ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹರಿದಾಗ ಬರುವ ಶಬ್ದ, ಅದರ ನೂರರಷ್ಟು. ಜೀಪು ಹಗುರಾಗಿ ಮುಂದಕ್ಕೆ ಜಿಗಿಯಿತು. ಬಂಪರು, ಕೊಕ್ಕೆ, ಒಂದು ಮೊಳ ತಗಡು ಎಲ್ಲ ಸೇರಿ ಆಕಾಶದಲ್ಲಿ ಹಿಂದಕ್ಕೆ ಹಾರಿ, ಬಿಳಿ ಕಾರಿನ ಹಿಂದಿನ ಗಾಜನ್ನು ಒಡೆದುಕೊಂಡು ಒಳಗೆ ಹೋಗಿ, ಸೋಫಾದ ಮೇಲೆ ಕೂತವು. ಸರಿಯಾಗಿ ಅತ್ತೆ ಕೂತಿದ್ದ ಜಾಗದಲ್ಲಿ. ಕೆಂಪು ಕೊಕ್ಕೆ ಸೀಟಿನ ಒರಗುದಿಂಬಿನಲ್ಲಿ, ಅವಳ ಎದೆ ಇರುತ್ತಿದ್ದ ಎತ್ತರದಲ್ಲಿ, ನೆಟ್ಟುಕೊಂಡಿತ್ತು.

ಹೆಂಡತಿಯ ಕೈಯಿಂದ ಕೊಡೆ ಬಿತ್ತು. ಷಡ್ಡಕ ಮುಂದಿನ ಸೀಟಿನಲ್ಲಿ ತಲೆಯ ಮೇಲೆ ಗಾಜಿನ ಪುಡಿ ಹೊತ್ತು, "ಮೂವತ್ತೆಂಟು," ಎಂದು ಪಿಸುಗುಟ್ಟಿದ. ಅಭ್ಯಾಸಬಲ. ಅತ್ತೆ ಕೆಸರಿನಲ್ಲೇ ಹಿಂದಕ್ಕೆ ನಡೆದು ಹೋಗಿ, ಒಡೆದ ಗಾಜಿನಿಂದ ಒಳಗೆ ಇಣುಕಿ, ಆ ಕೊಕ್ಕೆಯನ್ನು ತುಂಬ ಹೊತ್ತು ನೋಡಿದಳು. ಟೇಪಣ್ಣ ಜೀಪಿನಿಂದ ಇಳಿದು ಓಡಿ ಬಂದ.

ಶಬ್ದ ಕೇಳಿ ಹಲ್ಲು ಡಾಕ್ಟರು ಬಂದರು. ನೋಡಿದರು. ತಮ್ಮ ಗಾಡಿಯ ಹಿಂದೆ ಹಗ್ಗ ಕಟ್ಟಿ ಬಿಳಿ ಕಾರನ್ನು ಮೇಲಕ್ಕೆ ಎಳೆದರು, ಹೋದರು. "ನಾನು ಹೇಳಿರ್ಲಿಲ್ವಾ" ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಟೇಪಣ್ಣನಿಗೆ ಇದೂ ಸಿಟ್ಟೇ. ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

"ಒಂದು ವಾರ," ಎಂದಳು ಹೆಂಡತಿ. "ಮಳೆಗಾಲ ಮುಗಿಯೋ ತನಕ ಕಾಯಲ್ಲ, ಮುಂದಿನ ಭಾನುವಾರ ಮುಗಿಯೋದ್ರೊಳಗೆ ಒಂದು ಉಪಕಾರ. ಇವತ್ತಿನದು ಉಪಕಾರದ ಲೆಕ್ಕಕ್ಕೆ ಬರಲ್ಲ."

ಸಿಟ್ಟನ್ನು ಎಲ್ಲಾದರೂ ಇಳಿಸಲೇಬೇಕಲ್ಲ. ಟೇಪಣ್ಣ ಬಂಪರನ್ನು ಜೀಪಿನೊಳಗೆ ಹಾಕಿಕೊಂಡು ನೇರವಾಗಿ ಕಿಡಿ ಮೇಸ್ತ್ರಿಯ ಶೆಡ್ಡಿಗೆ ಬಿಟ್ಟ. ಹಿಂದಿನಿಂದ ಗಾಜಿಲ್ಲದ ಕಾರಿನಲ್ಲಿ ಷಡ್ಡಕ. ಅತ್ತೆ ಯಾರ ಗಾಡಿಯನ್ನೂ ಹತ್ತದೆ ಹೆಂಡತಿಯ ಜೊತೆ ಆಟೋದಲ್ಲಿ ಬಂದಳು, ಕರವಸ್ತ್ರದಲ್ಲಿ ಗಾಜಿನ ಚೂರು ಕಟ್ಟಿಕೊಂಡು. ಸಾಕ್ಷಿಗಂತೆ.

"ಮೇಸ್ತ್ರೀ!" ಟೇಪಣ್ಣನ ಕೂಗಿಗೆ ಪಕ್ಕದ ಪಂಕ್ಚರ್ ಅಂಗಡಿಯವರು ಎದ್ದು ಬಂದರು. "ನನ್ನ ಅತ್ತೆಯನ್ನ ಕೊಂದೇಬಿಡ್ತಿದ್ದೆ ನೀನು! ಏನಯ್ಯಾ ಇದು? ಮೊಣಕೈ ದಪ್ಪದ ಕೊಕ್ಕೆಗೆ ಬೆರಳು ದಪ್ಪದ ಎರಡು ಬೋಲ್ಟಾ? ಕೊಕ್ಕೆ ಅಂದ ಮೇಲೆ ಎಳೆಯೋಕೆ ಅಂತ ಯಾರಿಗೆ ಗೊತ್ತಿಲ್ಲ?"

ಮೇಸ್ತ್ರಿ ಟೀ ಲೋಟ ಕೆಳಗಿಟ್ಟ. "ನಾನು ಕೇಳಿದ್ದೆ. ಕಾಣೋಕಾ, ಎಳೆಯೋಕಾ ಅಂತ."

"ಕೇಳಿದ್ರೆ? ನಾನು ಬಂಪರಿನ ಆಕಾರ ನೋಡ್ತಾ ಇದ್ದೆ! ಏನೋ ಅಂದಿರ್ತೀನಿ! ನಾನು ಅಂದಿದ್ದಕ್ಕೆ ನೀನು ಮಾಡಿಬಿಡೋದಾ? ನಿನ್ನ ಕಸುಬು ನಿನಗೆ ಗೊತ್ತೋ ನನಗೆ ಗೊತ್ತೋ?"

ಮೇಸ್ತ್ರಿ ಎದ್ದು ಒಳಗೆ ಹೋದ. ತಿರುಗಿ ಬರುವಾಗ ಅವನ ಕೈಯಲ್ಲಿ ಒಂದು ಬೂದು ಬಣ್ಣದ ಕೋಟಿತ್ತು. ಟೇಪಣ್ಣ ದೂರದಿಂದಲೇ ಗುರುತು ಹಿಡಿದ. ತನ್ನ ಕೈಯ ಹೊಲಿಗೆ ತಾಯಿಗೆ ಮಗುವಿದ್ದ ಹಾಗೆ. ಹೋದ ವರ್ಷ ಮೇಸ್ತ್ರಿಯ ಮಗಳ ಮದುವೆಗೆ ಹೊಲಿದದ್ದು.

"ಮದುವೆ ದಿನ ಅಳಿಯನಿಗೆ ಹಾಕೋ ಉಂಗುರ ನನ್ನ ಕೈಗೆ ಕೊಟ್ರು," ಎಂದ ಮೇಸ್ತ್ರಿ, ಸಮಾಧಾನವಾಗಿ. "ಜೇಬಲ್ಲಿ ಇಡೋಣ ಅಂತ ನೋಡ್ದೆ. ಈ ಜೇಬು ಪಟ್ಟಿ. ಆ ಜೇಬೂ ಪಟ್ಟಿ. ಪ್ಯಾಂಟಲ್ಲಿ ಇಟ್ಟರೆ ಕಳೆದುಹೋಗುತ್ತೆ ಅಂತ ಭಯ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಮುಷ್ಟಿ ಬಿಗಿ ಹಿಡ್ಕೊಂಡೇ ನಿಂತಿದ್ದೆ. ಬಂದವರು ಕೈ ಕೊಟ್ರೆ ನಾನು ಕೈ ಕೊಡಲಿಲ್ಲ. ಫೋಟೋ ನೋಡಿ ಬೇಕಾದ್ರೆ, ಎಲ್ಲದರಲ್ಲೂ ಮುಷ್ಟಿ. ಬೀಗರು ನಾನು ಹೊಡೆಯೋಕೆ ನಿಂತಿದ್ದೀನಿ ಅಂದ್ಕೊಂಡ್ರು. ಹುಡುಗನ ಚಿಕ್ಕಪ್ಪ ಇವತ್ತಿಗೂ ನನ್ನ ಮಗಳ ಹತ್ರ ಮಾತಾಡಲ್ಲ."

ಟೇಪಣ್ಣ ಕೋಟಿನ ಜೇಬಿನ ಪಟ್ಟಿಯೊಳಗೆ ಬೆರಳು ತೂರಿಸಲು ನೋಡಿದ.

"ಬಂದು ನಿಮ್ಮನ್ನ ಹಿಡ್ಕೊಂಡು ಕೇಳ್ಬೇಕು ಅಂತ ಹೊರಟಿದ್ದೆ. ಬಾಗಿಲಿಗೆ ಬಂದಾಗ ಜ್ಞಾಪಕ ಆಯ್ತು. ನೀವು ಕೇಳಿದ್ರಿ. ತೋರಿಸೋಕಾ, ತುಂಬೋಕಾ ಅಂದ್ರಿ. ನಾನು ಕನ್ನಡಿ ನೋಡ್ಕೊಳ್ತಾ ಇದ್ದೆ. ಚೆನ್ನಾಗಿ ಕಂಡ್ರೆ ಸಾಕು ಅಂದೆ. ನಂದೇ ತಪ್ಪು ಅಂತ ವಾಪಸ್ ಹೋದೆ."

ಟೇಪಣ್ಣ ಟೇಪಿನ ಎರಡೂ ತುದಿಗಳನ್ನು ಹಿಡಿದು ನೆಲ ನೋಡುತ್ತಿದ್ದ. ಇಬ್ಬರು ಕಸುಬುದಾರರೂ ಪರಸ್ಪರ ಕ್ಷಮಿಸಿ, ಒಂದೊಂದು ಟೀ ಕುಡಿದು ಮುಗಿಸುತ್ತಿದ್ದರೋ ಏನೋ. ಆದರೆ ಅತ್ತೆ ಅಲ್ಲಿದ್ದಳು.

"ಕೇಳಿದ್ರಂತೆ!" ಅವಳು ಗಾಜಿನ ಗಂಟನ್ನು ಮೇಜಿನ ಮೇಲೆ ಕುಕ್ಕಿದಳು. "ಇವನೂ ಕೇಳಿದ್ನಂತೆ, ಅವನೂ ಕೇಳಿದ್ನಂತೆ! ಕೇಳಿಬಿಟ್ರೆ ಆಯ್ತಾ? ಕನ್ನಡಿ ಮುಂದೆ ನಿಂತವರನ್ನ ಕೇಳಿದ್ರೆ ಏನು ಹೇಳ್ತಾರೆ, ಮಂಗಗಳಾ? ಕಸುಬು ಬರೋದು ನಿಮಗಾ, ಅವರಿಗಾ? ಜೇಬು ಹೊಲಿದ್ರೆ ಚೀಲ ಇಡ್ರೋ! ಕೊಕ್ಕೆ ಹಾಕಿದ್ರೆ ಎಳೆಯೋ ಹಾಗೆ ಹಾಕ್ರೋ! ನಾನು ಇವತ್ತು ಬದುಕಿರೋದು ನಿಮ್ಮಿಬ್ಬರ ಕಸುಬಿನಿಂದ ಅಲ್ಲ, ಈ ನನ್ನ ಚಿಕ್ಕ ಅಳಿಯನ ಕೊಳಕು ಬಾಯಿಯಿಂದ!"

ಷಡ್ಡಕನಿಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ, ಆಗಲಿ ಎಂದು ತಲೆ ಬಾಗಿಸಿದ.

ಆ ವಾರ ಅಂಗಡಿಯ ಮುಂದೆ ಜೀಪು ಇರಲಿಲ್ಲ. ಮೇಸ್ತ್ರಿಯ ಶೆಡ್ಡಿನಲ್ಲಿ ಟ್ಯಾಂಕು ಇಳಿಸಿಕೊಂಡು ನಿಂತಿತ್ತು. ಮೊದಲ ದಿನ ಟೇಪಣ್ಣ ತಾನೇ ಟಾರ್ಚು ಹಿಡಿದು ಕೆಳಗೆ ಮಲಗಿ ನೋಡಿದ. ತಗಡಿನಲ್ಲಿ ಎರಡು ತೂತು, ಸುತ್ತ ಹರಿದ ಅಂಚು. ನೋಡಿದ ಕೂಡಲೆ ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಭಾರದ ಕೋಟಿಗೆ ಗುಂಡಿ ಹಾಕುವಾಗ ಒಳಗಡೆ ಇನ್ನೊಂದು ಸಣ್ಣ ಗುಂಡಿ ಇಟ್ಟು ಎರಡನ್ನೂ ಸೇರಿಸಿ ಹೊಲಿಯುತ್ತಾರೆ, ಇಲ್ಲದಿದ್ದರೆ ಮೇಲಿನದು ಬಟ್ಟೆಯನ್ನೇ ಕಿತ್ತುಕೊಂಡು ಬರುತ್ತದೆ. ಇದನ್ನು ಹನ್ನೆರಡನೆಯ ವಯಸ್ಸಿನಲ್ಲಿ ಕಲಿತಿದ್ದ. ಅದೇ ಇದು! ಒಂದು ಸಲ ಮಲಗಿ ನೋಡಿದ್ದರೆ ಸಾಕಿತ್ತು.

ಅಲ್ಲಿಂದ ಮುಂದೆ ಮೇಸ್ತ್ರಿಗೆ ನೆಮ್ಮದಿ ಇರಲಿಲ್ಲ. "ಇದರ ಹಿಂದೆ ಏನಿದೆ? ಅದರ ಹಿಂದೆ? ಈ ಬೋಲ್ಟಿನ ತಲೆ ಮೇಲೆ ನಂಬರು ಯಾಕಿಲ್ಲ? ಪ್ಲೇಟು ಎಷ್ಟು ದಪ್ಪ? ಎರಡೂ ಕಡೆ ಚಾಸಿಗೆ ಹೋಗ್ಲಿ, ಒಂದೇ ಕಡೆ ಬೇಡ." ನಾಲ್ಕನೆಯ ದಿನ ಕೆಲಸ ಮುಗಿದಾಗ ಹಿಂದೆ ಇದ್ದದ್ದು ಒಂದು ಕಪ್ಪು ಅಡ್ಡ ತೊಲೆ, ಮಧ್ಯದಲ್ಲಿ ಒಂದು ಚೌಕದ ತೂತು. ಆ ತೂತಿಗೆ ಒಂದು ಕಬ್ಬಿಣದ ಗಟ್ಟಿ ತೂರಿಸಿ, ಅಡ್ಡಕ್ಕೆ ಹೆಬ್ಬೆರಳು ದಪ್ಪದ ಪಿನ್ನು ಹಾಕುವುದು. ಗಟ್ಟಿಯ ತುದಿಯ ಕೊಂಡಿಗೆ ಹಗ್ಗ. ಕೆಂಪು ಬಣ್ಣ ಇಲ್ಲ. ಕೊಕ್ಕೆ ಇಲ್ಲ. ಮೇಸ್ತ್ರಿ ಕೆಲಸ ಮಾಡುವಾಗ ಟೇಪಣ್ಣ ಶೆಡ್ಡಿನ ಮೂಲೆಯಲ್ಲಿ ಕೂತು ಬೂದು ಕೋಟಿನ ಪಟ್ಟಿ ಬಿಚ್ಚಿ, ಡೇರೆಯ ಬಟ್ಟೆಯನ್ನು ಎರಡು ಪದರ ಮಾಡಿ ಚೀಲ ಹೊಲಿದ.

ಜೀಪು ಪೇಟೆಬೀದಿಯಲ್ಲಿ ವಾಪಸು ಬಂತು. ಕ್ಷೌರದವನು ಕತ್ತರಿ ನಿಲ್ಲಿಸಲಿಲ್ಲ. ಪೊಲೀಸಿನವನು, "ಏನು ಟೇಪಣ್ಣಾ, ಬಂಪರ್ ಮಾರಿಬಿಟ್ರಾ?" ಎಂದ. ಟೇಪಣ್ಣನಿಗೆ ಹೇಗಾಗಿರಬೇಡ! "ಕೆಳಗೆ ಮಲಗಿ ನೋಡಯ್ಯಾ!" ಎಂದು ನಡುಬೀದಿಯಲ್ಲಿ ಅಬ್ಬರಿಸಿದ. ಯೂನಿಫಾರಂ ಹಾಕಿಕೊಂಡವನು ಹೇಗೆ ಮಲಗಿಯಾನು?

ಭಾನುವಾರ ಕೋರೆಯ ಬಾಯಲ್ಲಿ ಹಲ್ಲು ಡಾಕ್ಟರು ಮತ್ತೆ ಅಂಗಾತ ಮಲಗಿದರು. ಬಹಳ ಹೊತ್ತು ಬರಲಿಲ್ಲ. ಒಳಗಿಂದ ಸುತ್ತಿಗೆಯ ಟಕ್ ಟಕ್ ಕೇಳುತ್ತಿತ್ತು. ಹೆಂಡತಿ ಕೊಡೆಯ ಕೋಲನ್ನು ಗಟ್ಟಿಯಾಗಿ ಹಿಡಿದಿದ್ದಳು. ಷಡ್ಡಕ ಬಿಳಿ ಕಾರಿನಲ್ಲಿ ಬಂದಿದ್ದ, ಹಿಂದೆಯೇ ತನ್ನ ಗುಜರಿ ಲಾರಿಯನ್ನೂ ಎರಡು ಹಾರೆಯನ್ನೂ ಮುಂಜಾಗ್ರತೆಗೆ ತರಿಸಿದ್ದ. ಅತ್ತೆ ಆಟೋದಲ್ಲಿ ಬಂದಿದ್ದಳು.

ಡಾಕ್ಟರು ಎದ್ದು ಬಂದರು. "ಬೇರಿದೆ," ಎಂದರು. "ಬಾಲಕ್ಕೆ ಬನ್ನಿ."

ಹತ್ತು ಗಾಡಿಯ ಹಿಂದೆ ಹನ್ನೊಂದನೆಯದಾಗಿ ಟೇಪಣ್ಣ ಹೋದ. ಒಂದು ಗಂಟೆ ಯಾರೂ ಹೂತುಕೊಳ್ಳಲಿಲ್ಲ. ಯಾವತ್ತೂ ಹೂತುಕೊಳ್ಳುವವರು, ಇವತ್ತು ಬೇಕೆಂದೇ ಹುಷಾರಾಗಿ ಓಡಿಸುತ್ತಿದ್ದಾರೆ! ಟೇಪಣ್ಣನ ಸಿಟ್ಟು ನೆತ್ತಿಗೇರಿತು. ದ್ರೋಹಿಗಳು! ಕೊನೆಗೆ ವಾಪಸು ಬರುವಾಗ ಕೋರೆಯ ಬಾಯಲ್ಲೇ, ಎಲ್ಲರ ಕಣ್ಣೆದುರಿಗೆ, ಸಾಕಷ್ಟು ದೊಡ್ಡ ಗುಂಡಿಯಲ್ಲಿ, ಸಾಕಷ್ಟು ಆಳಕ್ಕೆ, ಯಾರು ಹೂತರು ಗೊತ್ತೇ? ಸ್ವತಃ ಅಧ್ಯಕ್ಷರು.

ಡಾಕ್ಟರು ಕಿಟಕಿಯಿಂದ ಕೂಗಿ ಎಲ್ಲರನ್ನೂ ಹಗ್ಗದ ಉದ್ದದ ಒಂದೂವರೆಯಷ್ಟು ದೂರಕ್ಕೆ, ಪಕ್ಕಕ್ಕೆ, ಕಳಿಸಿದರು. ಅತ್ತೆ ಅದಕ್ಕಿಂತ ದೂರ ಹೋಗಿ ಒಂದು ಬಂಡೆಯ ಹಿಂದೆ ಕಣ್ಣು ಮಾತ್ರ ಕಾಣುವಂತೆ ನಿಂತಳು. ಟೇಪಣ್ಣ ಗಟ್ಟಿಯನ್ನು ಚೌಕದ ತೂತಿಗೆ ತೂರಿಸಿ, ಪಿನ್ನಿಗೆ ಕೈ ಹಾಕಿದರೆ ಪಿನ್ನಿಲ್ಲ! ಸೀಟಿನ ಕೆಳಗೆ ಇಲ್ಲ, ಪೆಟ್ಟಿಗೆಯಲ್ಲಿ ಇಲ್ಲ.

"ಇಲ್ಲಿದೆ ಸ್ವಾಮಿ," ಎಂಬ ಮಾತು ಕೇಳಿಸಿತು. ಆ ಉರಿ ಬಿಸಿಲಿನಲ್ಲಿ ಬೂದು ಕೋಟು ತೊಟ್ಟು ಕಿಡಿ ಮೇಸ್ತ್ರಿ ಬರುತ್ತಿದ್ದ. "ಗಾಡಿ ತಗೊಂಡು ಹೋಗೋವಾಗ ಶೆಡ್ಡಲ್ಲೇ ಬಿಟ್ಟಿದ್ರಿ." ಜೇಬಿಗೆ ಕೈ ಹಾಕಿದ. ಅರ್ಧ ಕೆಜಿಯ ಪಿನ್ನು ಹೊರಗೆ ಬಂತು. ಜೇಬು ಹಾಗೇ ಇತ್ತು, ಒಂದು ಎಳೆ ಸಡಿಲಾಗಿರಲಿಲ್ಲ. ಇಬ್ಬರೂ ಅದನ್ನು ನೋಡಿದರು.

ಟೇಪಣ್ಣ ಎಳೆದ. ಹಗ್ಗ ಹಿಗ್ಗಿತು. ಆಮೇಲೆ ಏನೂ ಆಗಲಿಲ್ಲ. ಶಬ್ದವಿಲ್ಲ, ಹಾರಾಟವಿಲ್ಲ, ಡಾಕ್ಟರ ಗಾಡಿ ಸಡಿಲವಾದ ಹಲ್ಲಿನ ಹಾಗೆ ಗುಂಡಿಯಿಂದ ಸುಮ್ಮನೆ ಈಚೆಗೆ ಬಂತು. ಜನ ತಮ್ಮ ತಮ್ಮ ಗಾಡಿ ಹತ್ತಿದರು.

"ಒಬ್ಬರಾದ್ರೂ ಚಪ್ಪಾಳೆ ತಟ್ಟಿದ್ರಾ ನೋಡು!" ಟೇಪಣ್ಣ ಹೆಂಡತಿಯ ಹತ್ತಿರ ಕಿಡಿಕಾರಿದ. "ಹೋದ ವಾರ ಕಿತ್ತು ಹಾರಿದ್ದನ್ನ ಇಡೀ ಊರು ಮಾತಾಡ್ತು. ಇವತ್ತು ಎಳೆದಿದ್ದಕ್ಕೆ ಒಂದು ಮಾತಿಲ್ಲ!"

"ಮಾತಿಲ್ಲ ಅಂದ್ರೆ ಸರಿಯಾಗಿದೆ ಅಂತ," ಎಂದಳು ಹೆಂಡತಿ. "ಲಾರಿ ವಾಪಸ್ ಕಳಿಸು," ಎಂದು ತಂಗಿಯ ಗಂಡನಿಗೆ ಹೇಳಿ, ಟೇಪಣ್ಣನ ಕಡೆ ತಿರುಗಿದಳು. "ನಾಳೆಯಿಂದ ಇದನ್ನ ಎರಡು ಮಾರು ಮುಂದೆ ನಿಲ್ಲಿಸ್ರೀ, ಕಿಟಕಿ ಬಿಟ್ಟು."

ಅತ್ತೆ ಬಂಡೆಯ ಹಿಂದಿನಿಂದ ಬಂದು, ಹೊಸ ಗಾಜು ಹಾಕಿಸಿದ ಬಿಳಿ ಕಾರನ್ನು ದಾಟಿ, ಜೀಪಿನ ಹತ್ತಿರ ನಿಂತಳು. ಸೋಫಾ ಅಲ್ಲ, ಹಲಗೆ. ಹತ್ತಿ ಕೂತಳು. ಷಡ್ಡಕ ಅವಳನ್ನೂ ಜೀಪನ್ನೂ ಒಟ್ಟಿಗೆ ನೋಡಿ ಬಾಯಿ ತೆರೆದ.

"ಹೇಳು ನೋಡೋಣ," ಎಂದಳು ಅತ್ತೆ.

ಅವನು ಬಾಯಿ ಮುಚ್ಚಿದ.

ಸೋಮವಾರ ಬೆಳಿಗ್ಗೆ ಅಂಗಡಿಗೆ ಒಬ್ಬ ಹೊಸ ಗಿರಾಕಿ ಬಂದ. ಕೋಟು ಬೇಕು, ಎರಡು ಕಡೆಯೂ ಓರೆ ಜೇಬು. ಕನ್ನಡಿಯ ಮುಂದೆ ನಿಂತ. ಬೆಳಕು ಬರುವ ಕಿಟಕಿಯಲ್ಲಿ ಹೆಂಡತಿ ಕಾಜಾ ನಿಲ್ಲಿಸಿ ತಲೆ ಎತ್ತಿದಳು, ನಲವತ್ತು ವರ್ಷದ ಪ್ರಶ್ನೆ ಈಗ ಬರುತ್ತದೆ ಎಂದು. ಟೇಪಣ್ಣ ಬಾಯಿಂದ ಗುಂಡುಸೂಜಿ ತೆಗೆದ.

"ಜೇಬಲ್ಲಿ ಏನು ಇಡ್ತೀರಿ?" ಎಂದು ಕೇಳಿದ.

"ಏನಿಲ್ಲ, ಸುಮ್ನೆ ಚೆನ್ನಾಗಿ ಕಂಡ್ರೆ ಸಾಕು," ಎಂದ ಗಿರಾಕಿ, ಕನ್ನಡಿಯಿಂದ ಕಣ್ಣು ತೆಗೆಯದೆ.

ಟೇಪಣ್ಣ ಅವನ ತೋಳು ಹಿಡಿದ. ದರದರ ಬೀದಿಗೆ ಎಳೆದುಕೊಂಡು ಹೋದ. ಜೀಪಿನ ಹಿಂದೆ ನಿಲ್ಲಿಸಿ, ಅವನ ಕೈಗೆ ಟಾರ್ಚು ತುರುಕಿ, ನೆಲ ತೋರಿಸಿದ.

"ಮಲಗ್ರೀ!"